ಕಾಮೆಟ್ ವಿಮಾನಗಳು ಒಡೆದದ್ದೇಕೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



ಸಾಫ್ಟ್‌ವೇರ್ ಕಂಪನಿಗೆ ಸೇರುವುದು ಹೇಗೆ ಎಂಬ ವಿಷಯವಾಗಿ ಮಾತಾಡಬೇಕೆಂದು ಸಮಿತಿಯವರು ಕೇಳಿದ್ದರು. ಅದನ್ನು ಹೇಳುವವರು ಈಗ ಮನೆಗೊಬ್ಬರು ಸಿಗುತ್ತಾರೆ. ಅದರ ಬದಲು ನಾನು ದಿನವೂ ಮಾಡುವ ಕೆಲಸಕ್ಕೆ ಹತ್ತಿರವಾದ ಒಂದು ಹಳೆಯ ಕಥೆ ಹೇಳುತ್ತೇನೆ ಎಂದೆ, ಅವರು ಒಪ್ಪಿದರು. ನನ್ನ ಕೆಲಸ ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ, ಯಾವಾಗ, ಏಕೆ ಕೆಡುತ್ತದೆ ಎಂದು ಹುಡುಕುವುದು. ಈ ಹುಡುಕಾಟವನ್ನು ಬಹಳ ದೊಡ್ಡ ಮಟ್ಟದಲ್ಲಿ, ಬಹಳ ದೊಡ್ಡ ಬೆಲೆ ತೆತ್ತು ಮಾಡಿದವರ ಕಥೆ ಇದು. ಕಾಲ ಎರಡನೆಯ ಮಹಾಯುದ್ಧ ಮುಗಿದ ನಂತರದ ಹತ್ತು ವರ್ಷ. ಸ್ಥಳ ಹೆಚ್ಚಾಗಿ ಇಂಗ್ಲೆಂಡ್ ಮತ್ತು ಇಟಲಿಯ ಸಮುದ್ರ. ನಡುವೆ ಒಮ್ಮೆ ನಮ್ಮ ಕಲ್ಕತ್ತೆ ಬರುತ್ತದೆ.

ಯುದ್ಧ ಮುಗಿದಾಗ ಪ್ರಯಾಣಿಕರ ವಿಮಾನಗಳೆಲ್ಲ ಪಂಖದ ವಿಮಾನಗಳು. ಮೋಡಗಳ ನಡುವೆ ಕುಲುಕಾಡುತ್ತ ನಿಧಾನವಾಗಿ ಹೋಗುತ್ತಿದ್ದವು. ಜೆಟ್ ಎಂಜಿನ್ ಇದ್ದದ್ದು ಯುದ್ಧವಿಮಾನಗಳಲ್ಲಿ ಮಾತ್ರ. ಅದನ್ನು ಪ್ರಯಾಣಿಕರ ವಿಮಾನಕ್ಕೆ ಹಾಕುವ ಧೈರ್ಯವನ್ನು ಮೊದಲು ಮಾಡಿದ್ದು ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ. ಅವರ ಕಾಮೆಟ್ ಎಂಬ ವಿಮಾನ 1949ರ ಜುಲೈ 27ರಂದು ಮೊದಲ ಬಾರಿ ಹಾರಿತು. 1952ರ ಮೇ 2ರಂದು ಲಂಡನ್ನಿನಿಂದ ಜೊಹಾನೆಸ್‌ಬರ್ಗಿಗೆ ಹೊರಟ ಕಾಮೆಟ್ಟೇ ಪ್ರಪಂಚದ ಮೊದಲ ಜೆಟ್ ಪ್ರಯಾಣಿಕ ಸೇವೆ. ಆ ವಿಮಾನದ ನೋಂದಣಿ ಅಕ್ಷರಗಳು ಜಿ-ಎಎಲ್‌ವೈಪಿ. ರೇಡಿಯೋ ಭಾಷೆಯಲ್ಲಿ ಅದನ್ನು 'ಯೋಕ್ ಪೀಟರ್' ಎನ್ನುತ್ತಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ.

ಜೆಟ್ ಎಂಜಿನ್ ಎತ್ತರದಲ್ಲಿ ಹಾರಿದರೆ ಮಾತ್ರ ಇಂಧನ ಉಳಿಯುತ್ತದೆ. ಹಾಗಾಗಿ ಕಾಮೆಟ್ 35,000ದಿಂದ 40,000 ಅಡಿ ಎತ್ತರಕ್ಕೆ ಹೋಗುತ್ತಿತ್ತು. ಅಲ್ಲಿ ಗಾಳಿಯ ಒತ್ತಡ ನೆಲದ ಮಟ್ಟದ ಐದನೇ ಒಂದು ಭಾಗದಷ್ಟು. ಮನುಷ್ಯ ಉಸಿರಾಡಿ ಬದುಕಲಾರ. ಆದ್ದರಿಂದ ವಿಮಾನದ ಒಳಗೆ ಗಾಳಿ ತುಂಬಿ, ಪ್ರಯಾಣಿಕರಿಗೆ 8,000 ಅಡಿಯ ಬೆಟ್ಟದ ಮೇಲೆ ಕುಳಿತಂತೆ ಮಾಡಬೇಕು. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ ಎಂದಿಟ್ಟುಕೊಳ್ಳಿ. ಹೀಗೆ ತುಂಬಿದಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಇಂಚಿಗೆ 8.25 ಪೌಂಡ್ ಹೆಚ್ಚು. ಸೈಕಲ್ ಟ್ಯೂಬಿಗೆ ನೀವು ಹೊಡೆಯುವ ಗಾಳಿಗಿಂತ ಇದು ಕಡಿಮೆಯೇ. ಆದರೆ ಒಂದು ಚದರ ಅಡಿಗೆ 144 ಚದರ ಇಂಚು. ಗುಣಿಸಿ ನೋಡಿ, 1,188 ಪೌಂಡ್, ಅಂದರೆ 540 ಕಿಲೋ ಹತ್ತಿರ. ಪ್ರತಿಯೊಂದು ಚದರ ಅಡಿಯನ್ನೂ ಅರ್ಧ ಟನ್ನಿನಷ್ಟು ಬಲ ಹೊರಕ್ಕೆ ನೂಕುತ್ತಿರುತ್ತದೆ. ಅದನ್ನು ತಡೆದುಕೊಳ್ಳಬೇಕಾದ ಅಲ್ಯೂಮಿನಿಯಂ ತಗಡಿನ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ.

ಪ್ರತಿ ಸಲ ಮೇಲೇರಿದಾಗ ಈ ತಗಡು ಉಬ್ಬುತ್ತದೆ, ಇಳಿದಾಗ ಸಡಿಲವಾಗುತ್ತದೆ. ನಮ್ಮೂರಿನಲ್ಲಿ ಕಟ್ಟಡದ ಕೆಲಸ ನೋಡಿದವರಿಗೆಲ್ಲ ಬೈಂಡಿಂಗ್ ವೈರ್ ಗೊತ್ತು. ಅದನ್ನು ಕೈಯಿಂದ ಎಳೆದು ತುಂಡು ಮಾಡಲು ಪೈಲ್ವಾನನಿಗೂ ಆಗುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಚಿಕ್ಕ ಹುಡುಗಿಯೂ ಮುರಿಯುತ್ತಾಳೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಹೆಸರು ನನಗೆ ಅಷ್ಟು ಸರಿಯೆನಿಸುವುದಿಲ್ಲ. ದಣಿದ ಮನುಷ್ಯ ರಾತ್ರಿ ಮಲಗಿ ಎದ್ದರೆ ದಣಿವು ಹೋಗುತ್ತದೆ. ಲೋಹ ಎಷ್ಟು ದಿನ ಸುಮ್ಮನೆ ಬಿದ್ದಿದ್ದರೂ ಒಳಗಿನ ಬಿರುಕು ಕೂಡಿಕೊಳ್ಳುವುದಿಲ್ಲ.

ಈ ದಣಿವು ಆಗ ಯಾರಿಗೂ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. 1948ರ ಆಗಸ್ಟ್ 29ರಂದು ಅಮೆರಿಕದ ವಿನೋನಾ ಊರಿನ ಹತ್ತಿರ ಗುಡುಗು ಮಳೆಯ ನಡುವೆ ಮಾರ್ಟಿನ್ 2-0-2 ಎಂಬ ವಿಮಾನದ ರೆಕ್ಕೆ ಕಳಚಿ 37 ಜನ ಸತ್ತರು. ಮೇಲುನೋಟಕ್ಕೆ ಬಿರುಗಾಳಿಯ ಕೆಲಸ. ತುಂಡುಗಳನ್ನು ಪರೀಕ್ಷಿಸಿದಾಗ ರೆಕ್ಕೆಯ ಜೋಡಣೆಯ ಲೋಹದಲ್ಲಿ ದಣಿವಿನ ಬಿರುಕು ಸಿಕ್ಕಿತು. ಅದೇ ವರ್ಷ ನೆವಿಲ್ ಶೂಟ್ ಎಂಬ ಇಂಗ್ಲಿಷ್ ಕಾದಂಬರಿಕಾರ, ಹಿಂದೆ ಡಿ ಹ್ಯಾವಿಲೆಂಡ್ ಕಂಪನಿಯಲ್ಲೇ ಎಂಜಿನಿಯರ್ ಆಗಿದ್ದವನು, ವಿಮಾನದ ಬಾಲ ಲೋಹದ ದಣಿವಿನಿಂದ ಮುರಿಯುವ ಕಥೆಯನ್ನೇ 'ನೋ ಹೈವೇ' ಎಂಬ ಕಾದಂಬರಿಯಾಗಿ ಬರೆದ. ವಿಷಯ ಬಲ್ಲವರಿಗೆ ಬಲ್ಲ ವಿಷಯವೇ ಆಗಿತ್ತು. ಆದರೆ ಎಲ್ಲರ ಕಣ್ಣೂ ರೆಕ್ಕೆಯ ಮೇಲಿತ್ತು. ಪ್ರಯಾಣಿಕರು ಕೂರುವ ಒಡಲೇ ದಣಿದೀತು ಎಂಬುದನ್ನು ಅಷ್ಟಾಗಿ ಯಾರೂ ಯೋಚಿಸಿರಲಿಲ್ಲ.

ಕಾಮೆಟ್ಟಿನ ಮೊದಲ ಅಪಘಾತಗಳಿಗೂ ಈ ದಣಿವಿಗೂ ಸಂಬಂಧವಿಲ್ಲ, ಆದರೂ ಹೇಳಬೇಕು. 1952ರ ಅಕ್ಟೋಬರ್ 26ರಂದು ರೋಮ್‌ನಲ್ಲಿ ಒಂದು ಕಾಮೆಟ್ ನೆಲ ಬಿಟ್ಟು ಏಳಲೇ ಇಲ್ಲ, ರನ್‌ವೇ ದಾಟಿ ಹೋಗಿ ನಿಂತಿತು. ಯಾರೂ ಸಾಯಲಿಲ್ಲ. ತಪ್ಪು ಪೈಲಟ್ಟಿನದು ಎಂದು ತೀರ್ಮಾನವಾಯಿತು. ಆ ಕ್ಯಾಪ್ಟನ್ ಫೂಟ್‌ನನ್ನು ಜೆಟ್ ವಿಮಾನದಿಂದ ಇಳಿಸಿ ಸರಕು ಸಾಗಿಸುವ ಹಳೆಯ ಯಾರ್ಕ್ ವಿಮಾನಗಳಿಗೆ ಹಾಕಿದರು. ನಾಲ್ಕು ತಿಂಗಳು ಕಳೆದು, 1953ರ ಮಾರ್ಚ್ 3ರಂದು ಕರಾಚಿಯಲ್ಲಿ ಇನ್ನೊಂದು ಕಾಮೆಟ್ ಅದೇ ರೀತಿ ಏಳಲಾಗದೆ ನುಗ್ಗಿ ಬೆಂಕಿ ಹತ್ತಿಕೊಂಡಿತು. ಒಳಗಿದ್ದ 11 ಜನರೂ ಹೋದರು. ಅಲ್ಲಿಯೂ ಪೈಲಟ್ಟಿನದೇ ತಪ್ಪು ಎಂದರು. ಆಮೇಲೆ ಕಂಪನಿ ಸದ್ದಿಲ್ಲದೆ ರೆಕ್ಕೆಯ ಮುಂಭಾಗದ ಆಕಾರವನ್ನೇ ಬದಲಿಸಿತು. ಪೈಲಟ್ಟಿನದೇ ಸಂಪೂರ್ಣ ತಪ್ಪಾಗಿದ್ದರೆ ರೆಕ್ಕೆ ಬದಲಿಸುವ ಅಗತ್ಯವೇನಿತ್ತು ಎಂದು ನಾನು ಕೇಳುತ್ತೇನೆ.

ಈಗ ಕಲ್ಕತ್ತೆ. 1953ರ ಮೇ 2. ಜೆಟ್ ಸೇವೆ ಆರಂಭವಾಗಿ ಸರಿಯಾಗಿ ಒಂದು ವರ್ಷ. ಡಮ್‌ಡಮ್ ನಿಲ್ದಾಣದಿಂದ ದೆಹಲಿಯ ಕಡೆ ಹೊರಟ ಕಾಮೆಟ್ ಆರು ನಿಮಿಷಗಳಲ್ಲಿ ಬಿರುಗಾಳಿಗೆ ಸಿಕ್ಕಿತು. ಬೇಸಿಗೆಯಲ್ಲಿ ಬಂಗಾಳದಲ್ಲಿ ಏಳುವ ಕಾಲಬೈಶಾಖಿ ಗಾಳಿ ಬಹಳ ಭಯಂಕರ. ರೆಕ್ಕೆಗಳಿಲ್ಲದ ವಿಮಾನ ಉರಿಯುತ್ತ ಕೆಳಗೆ ಬಿದ್ದದ್ದನ್ನು ಹಳ್ಳಿಯವರು ಕಂಡರು. 43 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಭಾರತ ಸರ್ಕಾರ ವಿಚಾರಣಾ ನ್ಯಾಯಾಲಯ ನೇಮಿಸಿತು. ಬಿರುಗಾಳಿಯಲ್ಲಿ ವಿಮಾನದ ಮೇಲೆ ಮಿತಿ ಮೀರಿದ ಬಲ ಬಿದ್ದು ಅದು ಆಕಾಶದಲ್ಲೇ ಮುರಿಯಿತು, ಹೊರಗಿನ ಗಾಳಿಯಿಂದಲೋ, ಗಾಳಿಯಿಂದ ತಪ್ಪಿಸಿಕೊಳ್ಳಲು ಪೈಲಟ್ ಹ್ಯಾಂಡಲ್ ಎಳೆದ ರಭಸದಿಂದಲೋ ಹೀಗಾಗಿರಬಹುದು ಎಂದು ಅದು ಹೇಳಿತು. ಅವಶೇಷಗಳು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ವಿಮಾನ ಸಂಶೋಧನಾ ಕೇಂದ್ರಕ್ಕೂ ಹೋದವು. ಆ ತೀರ್ಮಾನ ಇಂದಿಗೂ ಹಾಗೇ ಇದೆ. ಆದರೆ ಲೋಹದ ದಣಿವಿನ ಪ್ರಶ್ನೆಯನ್ನು ಆಗ ಯಾರೂ ಎತ್ತಲಿಲ್ಲ. ಕಣ್ಣೆದುರಿಗೆ ಬಿರುಗಾಳಿ ಇದ್ದಾಗ ಬೇರೆ ಕಾರಣ ಹುಡುಕಲು ಯಾರಿಗೂ ತೋಚುವುದಿಲ್ಲ.

ಮುಂದಿನ ಸಲ ಬಿರುಗಾಳಿ ಇರಲಿಲ್ಲ. 1954ರ ಜನವರಿ 10ರ ಬೆಳಿಗ್ಗೆ. ಸಿಂಗಪುರದಿಂದ ಹೊರಟು ಕಲ್ಕತ್ತೆ, ಕರಾಚಿ, ಬೈರೂತ್ ಎಂದು ಇಳಿಯುತ್ತ ಬಂದ ಕಾಮೆಟ್ ರೋಮ್‌ನಿಂದ ಲಂಡನ್ನಿಗೆ ಕೊನೆಯ ಹಂತದ ಹಾರಾಟಕ್ಕೆ ಎದ್ದಿತು. ಅದೇ ಯೋಕ್ ಪೀಟರ್. ಇಪ್ಪತ್ತು ನಿಮಿಷದ ನಂತರ, ಸುಮಾರು 27,000 ಅಡಿ ಎತ್ತರದಲ್ಲಿ ಕ್ಯಾಪ್ಟನ್ ಇನ್ನೊಂದು ವಿಮಾನದ ಪೈಲಟ್ಟಿನ ಜೊತೆ ರೇಡಿಯೋದಲ್ಲಿ ಮಾತಾಡುತ್ತಿದ್ದ. ವಾಕ್ಯದ ನಡುವೆಯೇ ಮಾತು ನಿಂತಿತು. ಎಲ್ಬಾ ದ್ವೀಪದ ಮೀನುಗಾರರು ಮೋಡದಿಂದ ಉರಿಯುವ ತುಂಡುಗಳು ಸಮುದ್ರಕ್ಕೆ ಬೀಳುವುದನ್ನು ಕಂಡರು. 35 ಜನ ಸತ್ತರು.

ವಿಮಾನಗಳ ಒಡೆಯರಾದ ಬಿಒಎಸಿ ಸಂಸ್ಥೆ ಮರುದಿನವೇ ತನ್ನ ಕಾಮೆಟ್‌ಗಳನ್ನೆಲ್ಲ ನಿಲ್ಲಿಸಿತು. ಇದು ಮೆಚ್ಚತಕ್ಕ ಕೆಲಸ. ಸಮಿತಿ ಕುಳಿತಿತು. ಬೆಂಕಿಯೇ? ಎಂಜಿನ್ನಿನ ಚಕ್ರ ಸಿಡಿದು ಇಂಧನದ ಟ್ಯಾಂಕಿಗೆ ಬಡಿಯಿತೇ? ಸಾಧ್ಯವೆಂದು ತೋರಿದ ಒಂದೊಂದಕ್ಕೂ ಒಂದೊಂದು ತಿದ್ದುಪಡಿ ಮಾಡಿದರು. ಒಟ್ಟು ಐವತ್ತಕ್ಕೂ ಹೆಚ್ಚು. ಆದರೆ ಸಮುದ್ರದ ತಳದಿಂದ ವಿಮಾನವನ್ನು ಎತ್ತುವ ಕೆಲಸ ಇನ್ನೂ ನಡೆಯುತ್ತಲೇ ಇತ್ತು, ಕಾರಣ ಯಾರಿಗೂ ತಿಳಿದಿರಲಿಲ್ಲ. ಮಾರ್ಚ್ 23ರಂದು ಕಾಮೆಟ್‌ಗಳು ಮತ್ತೆ ಹಾರಿದವು. ಹದಿನಾರು ದಿನಕ್ಕೆ, ಏಪ್ರಿಲ್ 8ರ ಸಂಜೆ, ರೋಮ್‌ನಿಂದ ಕೈರೋಗೆ ಹೊರಟ ಕಾಮೆಟ್ ನೇಪಲ್ಸ್ ಹತ್ತಿರ ಸಮುದ್ರದ ಮೇಲೆ ಕಣ್ಮರೆಯಾಯಿತು. 21 ಜನ.

ನಾನು ಈ ಕಥೆಯನ್ನು ಎಷ್ಟು ಸಲ ಓದಿದರೂ ನಿಲ್ಲುವುದು ಇಲ್ಲೇ. ನಮ್ಮ ಕೆಲಸದಲ್ಲೂ ಮೇಲಿನವರು ಬಂದು ನಿಲ್ಲುತ್ತಾರೆ, "ಎಷ್ಟು ಹೊತ್ತು ಇನ್ನೂ? ಏನೇನು ಅನುಮಾನವಿದೆಯೋ ಎಲ್ಲ ಸರಿಮಾಡಿ ಬಿಟ್ಟುಬಿಡ್ರಪ್ಪ" ಎನ್ನುತ್ತಾರೆ. ನಾವು ಹತ್ತು ಕಡೆ ತಿದ್ದಿ ಬಿಡುತ್ತೇವೆ. ಕೆಲವು ಸಲ ನಡೆದುಬಿಡುತ್ತದೆ. ಐವತ್ತು ತಿದ್ದುಪಡಿ ಎಂದರೆ ಕೇಳಲು ಧೈರ್ಯ ಬರುತ್ತದೆ. ಆದರೆ ಆ ಐವತ್ತರಲ್ಲಿ ಒಂದೂ ಕಿಟಕಿಯ ಮೂಲೆಯನ್ನು ಮುಟ್ಟಿರಲಿಲ್ಲ.

ಈ ಸಲ ಕಾಮೆಟ್ ಹಾರಬಾರದು ಎಂದು ಸರ್ಕಾರವೇ ಪರವಾನಗಿ ಕಿತ್ತುಕೊಂಡಿತು. ಖರ್ಚಿನ ಲೆಕ್ಕ ಇಡಬೇಡಿ, ಕಾರಣ ಹುಡುಕಿ ಎಂದು ಪ್ರಧಾನಿ ಚರ್ಚಿಲ್ ಹೇಳಿದರು. ಜವಾಬ್ದಾರಿ ಬಿದ್ದದ್ದು ಫಾರ್ನ್‌ಬರೋ ಕೇಂದ್ರದ ನಿರ್ದೇಶಕ ಆರ್ನಲ್ಡ್ ಹಾಲ್ ಅವರ ಮೇಲೆ. ಆಗ ಅವರಿಗೆ ನಲವತ್ತು ವರ್ಷವೂ ಆಗಿರಲಿಲ್ಲ, ಹೆಚ್ಚು ಕಡಿಮೆ ನನ್ನ ವಯಸ್ಸು. ನೇಪಲ್ಸ್ ಹತ್ತಿರ ಬಿದ್ದ ವಿಮಾನ ಬಹಳ ಆಳದಲ್ಲಿತ್ತು, ಎತ್ತುವ ಆಸೆಯೇ ಇರಲಿಲ್ಲ. ಹಾಗಾಗಿ ಎಲ್ಬಾದ ಯೋಕ್ ಪೀಟರ್ ಒಂದೇ ಸಾಕ್ಷಿ.

ಬ್ರಿಟಿಷ್ ನೌಕಾಪಡೆ ನೀರಿನೊಳಗೆ ಟೆಲಿವಿಷನ್ ಕ್ಯಾಮರಾ ಇಳಿಸಿ ಹುಡುಕಿತು. ಜೊತೆಗೆ ನಮ್ಮ ಮಲ್ಪೆ ಕಡೆಯ ಟ್ರಾಲ್ ಬೋಟುಗಳಂತಹ ದೋಣಿಗಳು ತಳದ ಮೇಲೆ ಬಲೆ ಎಳೆದವು. ತುಂಡು ತುಂಡಾಗಿ ವಿಮಾನದ ಮೂರನೇ ಎರಡು ಭಾಗದಷ್ಟು ಮೇಲೆ ಬಂತು. ಫಾರ್ನ್‌ಬರೋದಲ್ಲಿ ಮರದ ಚೌಕಟ್ಟು ಕಟ್ಟಿ ಒಂದೊಂದು ತುಂಡನ್ನೂ ಅದರ ಜಾಗದಲ್ಲಿ ತೂಗುಹಾಕಿದರು. ಬಾಲದ ಭಾಗದಲ್ಲಿ ಪ್ರಯಾಣಿಕರ ಕೋಣೆಯ ನೆಲಹಾಸಿನ ಚೂರು ಸಿಕ್ಕಿಕೊಂಡಿತ್ತು. ರೆಕ್ಕೆಯ ಮೇಲೆ ಒಡಲಿನ ಬಣ್ಣ ತಿಕ್ಕಿದ ಗುರುತಿತ್ತು. ಯೋಚಿಸಿ ನೋಡಿ, ಇದರ ಅರ್ಥವೇನು? ರೆಕ್ಕೆ, ಬಾಲ ಇನ್ನೂ ತಮ್ಮ ಜಾಗದಲ್ಲಿರುವಾಗಲೇ ಒಡಲು ಒಡೆದು ಚೂರುಗಳು ಅವುಗಳ ಮೇಲೆ ಹಾರಿವೆ. ಮೊದಲು ಒಡೆದದ್ದು ಒಡಲು. ಇಟಲಿಯ ವೈದ್ಯ ಅಂತೋನಿಯೋ ಫೊರ್ನಾರಿ ಸಮುದ್ರದಲ್ಲಿ ಸಿಕ್ಕ ಶವಗಳನ್ನು ಪರೀಕ್ಷಿಸಿ, ಶ್ವಾಸಕೋಶಗಳು ಒಡೆದಿವೆ, ಗಾಳಿಯ ಒತ್ತಡ ಒಮ್ಮೆಲೇ ಇಳಿದಿರಬೇಕು ಎಂದು ಹೇಳಿದ್ದರು. ಈ ಎರಡು ಸಾಕ್ಷ್ಯಗಳೂ ಒಂದೇ ಕಡೆ ಬೆರಳು ತೋರಿಸಿದವು.

ಒಡಲು ಏಕೆ ಒಡೆಯಿತು? ಇದಕ್ಕೆ ಹಾಲ್ ಅವರ ತಂಡ ಮಾಡಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಾರಾಡಿದ್ದ ಇನ್ನೊಂದು ಕಾಮೆಟ್ಟನ್ನು, ಜಿ-ಎಎಲ್‌ವೈಯು ಎಂಬುದನ್ನು ತಂದರು. ಅದರ ಒಡಲಿನ ಸುತ್ತ ದೊಡ್ಡ ನೀರಿನ ತೊಟ್ಟಿ ಕಟ್ಟಿದರು, ರೆಕ್ಕೆಗಳು ಮಾತ್ರ ಎರಡು ಕಡೆ ಹೊರಗೆ ಚಾಚಿಕೊಂಡಿದ್ದವು. ಒಳಗೂ ನೀರು, ಹೊರಗೂ ನೀರು. ಒಳಗೆ ಇನ್ನಷ್ಟು ನೀರು ನೂಕಿ ಒತ್ತಡ ಏರಿಸುವುದು, ಇಳಿಸುವುದು. ಒಂದು ಏರಿಳಿತ ಎಂದರೆ ಒಂದು ಹಾರಾಟ. ರೆಕ್ಕೆಗಳನ್ನು ಜಾಕಿನಿಂದ ಮೇಲೆ ಕೆಳಗೆ ಆಡಿಸುತ್ತಿದ್ದರು. ಹಗಲು ರಾತ್ರಿ ಇದೇ ಕೆಲಸ.

ಗಾಳಿ ಬಿಟ್ಟು ನೀರೇಕೆ? ಗಾಳಿಯನ್ನು ಅಮುಕಬಹುದು. ಅಮುಕಿದ ಗಾಳಿ ಸ್ಪ್ರಿಂಗಿನಂತೆ ಶಕ್ತಿ ಹಿಡಿದಿಟ್ಟುಕೊಂಡಿರುತ್ತದೆ. ಒಂದು ಬಿರುಕು ಬಿಟ್ಟರೆ ಸಾಕು, ಒಡಲು ಬಾಂಬಿನಂತೆ ಸಿಡಿದು, ಬಿರುಕು ಎಲ್ಲಿ ಹುಟ್ಟಿತು ಎಂದು ತೋರಿಸುವ ಗುರುತೇ ಉಳಿಯುವುದಿಲ್ಲ. ನೀರು ಹೆಚ್ಚುಕಡಿಮೆ ಅಮುಕಲು ಬಾರದ್ದು. ಒಡೆದ ಕೂಡಲೇ ಒತ್ತಡ ಇಳಿದುಬಿಡುತ್ತದೆ. ಸಾಕ್ಷಿ ಹಾಗೇ ಉಳಿಯುತ್ತದೆ. ಬಾವಿಯ ಪಂಪ್‌ಸೆಟ್ ಪೈಪ್ ಸೀಳಿದಾಗ ನೀರು ಚಿಮ್ಮುತ್ತದೆ, ಪೈಪ್ ಚೂರಾಗಿ ಹಾರುವುದಿಲ್ಲ. ಲಾರಿಯ ಟೈರ್ ಸಿಡಿದರೆ ಹತ್ತಿರ ನಿಂತವನ ಗತಿ ಏನಾಗುತ್ತದೆಂದು ನಿಮಗೆ ಗೊತ್ತು.

1954ರ ಜೂನ್ 24ರಂದು ತೊಟ್ಟಿಯಲ್ಲಿದ್ದ ಒಡಲು ಸೀಳಿತು. ತೊಟ್ಟಿಗೆ ಬರುವ ಮೊದಲು ನಿಜವಾಗಿ ಹಾರಿದ್ದು 1,221 ಸಲ, ತೊಟ್ಟಿಯಲ್ಲಿ 1,836 ಸಲ, ಒಟ್ಟು 3,057. ನೀರು ಬಸಿದು ನೋಡಿದರೆ ಒಡಲಿನಲ್ಲಿ ಕೊರೆದ ಚೌಕದ ಮೂಲೆಯಿಂದ ಬಿರುಕು ಓಡಿತ್ತು. ಚೌಕವಾದ ರಂಧ್ರದ ಮೂಲೆಯಲ್ಲಿ ಲೋಹದ ಮೇಲಿನ ಎಳೆತ ಒಟ್ಟುಗೂಡುತ್ತದೆ. ಅಳೆದು ನೋಡಿದಾಗ ಆ ಎಳೆತ ಕಂಪನಿಯ ಲೆಕ್ಕಕ್ಕಿಂತ ಬಹಳ ಹೆಚ್ಚಿತ್ತು. ಆಗಸ್ಟ್ ತಿಂಗಳಿನಲ್ಲಿ ಇಟಲಿಯ ಮೀನುಗಾರರ ದೋಣಿಯೊಂದು ಬಲೆಯಲ್ಲಿ ಎತ್ತಿ ತಂದ ತುಂಡು ಯೋಕ್ ಪೀಟರ್‌ನ ಮೇಲ್ಛಾವಣಿಯದು. ದಿಕ್ಕು ಹೇಳುವ ರೇಡಿಯೋ ಏರಿಯಲ್‌ಗಾಗಿ ಛಾವಣಿಯಲ್ಲಿ ಮಾಡಿದ್ದ ಚಿಕ್ಕ ಕಿಟಕಿಗಳು ಅದರಲ್ಲಿದ್ದವು. ಹಿಂದಿನ ಕಿಟಕಿಯ ಮೂಲೆಯ ಹತ್ತಿರ, ಒಂದು ರಂಧ್ರದ ಅಂಚಿನಲ್ಲಿ ದಣಿವಿನ ಗುರುತು ಇತ್ತು. ಪ್ರಯಾಣಿಕರ ಚೌಕ ಕಿಟಕಿಯಿಂದ ವಿಮಾನ ಒಡೆಯಿತು ಎಂದು ಈಗಲೂ ಅನೇಕ ಕಡೆ ಬರೆಯುತ್ತಾರೆ. ಯೋಕ್ ಪೀಟರ್ ಒಡೆದದ್ದು ಪ್ರಯಾಣಿಕರು ನೋಡಲಾಗದ, ತಲೆಯ ಮೇಲಿನ ಕಿಟಕಿಯಿಂದ.

ಯೋಕ್ ಪೀಟರ್ ಅಂದು ಹಾರಿದ್ದು ತನ್ನ 1,290ನೆಯ ಹಾರಾಟ. ನೇಪಲ್ಸ್‌ನಲ್ಲಿ ಹೋದದ್ದು ಸುಮಾರು 900 ಹಾರಾಟ ಮಾಡಿತ್ತು. ಆದರೆ ಇವುಗಳ ಆಯಸ್ಸು 10,000 ಹಾರಾಟ ಎಂದು ಕಂಪನಿ ನಂಬಿತ್ತು. ಅದಕ್ಕೆ ಆಧಾರವೂ ಇತ್ತು. ನಾನು ಈ ವಿಷಯವನ್ನೇ ಆರಿಸಿಕೊಂಡದ್ದು ಮುಂದಿನ ಮಾತಿಗಾಗಿ, ದಯವಿಟ್ಟು ಗಮನವಿಟ್ಟು ಕೇಳಿ.

ಡಿ ಹ್ಯಾವಿಲೆಂಡ್ ಕಂಪನಿಯವರು ಸೋಮಾರಿಗಳಲ್ಲ, ಹಣ ಉಳಿಸಲು ಪರೀಕ್ಷೆ ಬಿಟ್ಟವರೂ ಅಲ್ಲ. ಒಡಲು ಹಾರಾಟದ ಒತ್ತಡದ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು ತಡೆದರೆ ಸಾಕು ಎಂದು ಪರೀಕ್ಷೆಯ ನಿಯಮವಿದ್ದರೆ, ಅವರು ಎರಡು ಪಟ್ಟು ಒತ್ತಡ ಹಾಕಿ ನೋಡಿದ್ದರು. ತಡೆಯಿತು. ನಂತರ ದಣಿವಿನ ಪರೀಕ್ಷೆಯನ್ನೂ ಮಾಡಿದರು. ಒಡಲಿನ ಒಂದು ಭಾಗವನ್ನು ತೆಗೆದುಕೊಂಡು 1953ರಲ್ಲಿ ಮತ್ತೆ ಮತ್ತೆ ಉಬ್ಬಿಸಿದರು. 18,000 ಸಲ ತಡೆದ ಮೇಲೆ ಅದು ಕಿಟಕಿಯ ಮೂಲೆಯಲ್ಲಿ ಬಿರುಕು ಬಿಟ್ಟಿತು. ಬೇಕಾದದ್ದು 10,000, ಸಿಕ್ಕಿದ್ದು 18,000. ಯಾರಾದರೂ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದರು.

ಹಾಗಾದರೆ 18,000 ಎಲ್ಲಿ, 900 ಎಲ್ಲಿ? ದಣಿವಿನ ಪರೀಕ್ಷೆಗೆ ಅವರು ತೆಗೆದುಕೊಂಡ ತುಂಡು ಹೊಸದಲ್ಲ. ಎರಡು ಪಟ್ಟು ಒತ್ತಡದ ಪರೀಕ್ಷೆಗೆ ಮೊದಲೇ ಬಳಸಿದ್ದ ತುಂಡೇ ಅದು. ಆ ಎರಡು ಪಟ್ಟು ಒತ್ತಡ ಬಿದ್ದಾಗ ಕಿಟಕಿಯ ಮೂಲೆಯ ಲೋಹ ಮಾತ್ರ ಮತ್ತೆ ಹಿಂದಕ್ಕೆ ಬರಲಾಗದಷ್ಟು ಹಿಗ್ಗಿತ್ತು. ಸುತ್ತಲಿನ ಲೋಹ ಹಾಗೆ ಹಿಗ್ಗಿರಲಿಲ್ಲ. ಒತ್ತಡ ತೆಗೆದಾಗ ಸುತ್ತಲಿನದು ತನ್ನ ಜಾಗಕ್ಕೆ ಮರಳುತ್ತ, ಹಿಗ್ಗಿದ ಮೂಲೆಯನ್ನು ಎಲ್ಲ ಕಡೆಯಿಂದ ಅಮುಕಿ ಹಿಡಿಯಿತು. ಮುಂದೆ ಪ್ರತಿ ಸಲ ಒತ್ತಡ ಏರಿದಾಗಲೂ ಮೂಲೆಯ ಮೇಲೆ ಬೀಳುವ ಎಳೆತದಲ್ಲಿ ಒಂದು ಪಾಲು ಈ ಅಮುಕನ್ನು ಬಿಡಿಸುವುದರಲ್ಲೇ ಖರ್ಚಾಗುತ್ತಿತ್ತು. ಬಿರುಕು ಹುಟ್ಟುವುದು ತಡವಾಯಿತು. ಮೊದಲನೆಯ ಪರೀಕ್ಷೆಯೇ ಆ ತುಂಡನ್ನು ಎರಡನೆಯ ಪರೀಕ್ಷೆಗೆ ಗಟ್ಟಿ ಮಾಡಿ ಕಳಿಸಿತ್ತು. ಜನರನ್ನು ಹೊತ್ತು ಹಾರುತ್ತಿದ್ದ ವಿಮಾನಗಳ ಒಡಲು ಆ ಎರಡು ಪಟ್ಟು ಒತ್ತಡವನ್ನು ಕಂಡಿರಲೇ ಇಲ್ಲ.

ಸಾಫ್ಟ್‌ವೇರ್ ಕೆಲಸದವರು ಸಭೆಯಲ್ಲಿ ಇನ್ನೂ ನಾಲ್ಕೈದು ಜನ ಇದ್ದೀರಿ, ನಿಮಗೆ ಇದು ಕೇಳಿದಂತೆ ಅನಿಸಿರಬೇಕು. ನಮ್ಮ ಪರೀಕ್ಷೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಸೊಗಸಾಗಿ ನಡೆಯುತ್ತದೆ, ಗ್ರಾಹಕರ ಕಂಪ್ಯೂಟರಿನಲ್ಲಿ ಮೊದಲ ದಿನವೇ ನಿಲ್ಲುತ್ತದೆ. ಹುಡುಕಿ ಹುಡುಕಿ ನೋಡಿದರೆ, ಹಿಂದಿನ ಪರೀಕ್ಷೆ ಬಿಟ್ಟುಹೋಗಿದ್ದ ಒಂದು ಫೈಲ್ ನಮ್ಮ ಕಂಪ್ಯೂಟರಿನಲ್ಲಿ ಕುಳಿತು ಪ್ರೋಗ್ರಾಮಿಗೆ ಊರುಗೋಲಾಗಿರುತ್ತದೆ. ಅಲ್ಲಿ ಹೋಗುವುದು ಒಂದು ದಿನದ ಕೆಲಸ, ಸ್ವಲ್ಪ ಮರ್ಯಾದೆ. ಕಾಮೆಟ್ಟಿನಲ್ಲಿ ಹೋದದ್ದು ಎರಡು ವಿಮಾನಗಳ 56 ಜನ.

ಲಾರ್ಡ್ ಕೋಹೆನ್ ಅವರ ವಿಚಾರಣೆ 1954ರ ಅಕ್ಟೋಬರಿನಲ್ಲಿ ನಡೆದು, ಮುಂದಿನ ಫೆಬ್ರವರಿಯಲ್ಲಿ ವರದಿ ಹೊರಬಂತು. ಯೋಕ್ ಪೀಟರ್ ದಣಿವಿನಿಂದ ಒಡೆದದ್ದು, ಇನ್ನೊಂದೂ ಬಹುಶಃ ಹಾಗೆಯೇ ಎಂದು ಅದು ಹೇಳಿತು. ತನಿಖೆಯಲ್ಲಿ ತಿಳಿದದ್ದನ್ನು ಬ್ರಿಟನ್ ಬಚ್ಚಿಡಲಿಲ್ಲ. ಪೈಪೋಟಿಯ ಅಮೆರಿಕದ ಕಂಪನಿಗಳೂ ಓದಿದವು. ಆಮೇಲಿನ ವಿಮಾನಗಳಲ್ಲಿ ಬಿರುಕು ಹುಟ್ಟಬಹುದು ಎಂದು ಒಪ್ಪಿಕೊಂಡೇ, ಅದು ಓಡದಂತೆ ತಡೆಯುವ ಪಟ್ಟಿಗಳನ್ನು ಒಡಲಿಗೆ ಸೇರಿಸಿದರು. ದಪ್ಪ ತಗಡಿನ ಹೊಸ ಕಾಮೆಟ್ 4 1958ರ ಅಕ್ಟೋಬರ್ 4ರಂದು ಅಟ್ಲಾಂಟಿಕ್ ದಾಟಿ ಸೇವೆ ಆರಂಭಿಸಿತು. ಅದೇ ತಿಂಗಳು ಬೋಯಿಂಗ್ 707 ಬಂತು, ಮಾರುಕಟ್ಟೆ ಅದರದಾಯಿತು. ನಮ್ಮ ಏರ್ ಇಂಡಿಯಾ 1960ರಲ್ಲಿ ಜೆಟ್ ಯುಗಕ್ಕೆ ಕಾಲಿಟ್ಟದ್ದೂ 707ರಲ್ಲೇ.

ಕಾಮೆಟ್ ತನಿಖೆಯ ಚರ್ಚೆಗಳಲ್ಲಿ ಕುಳಿತಿದ್ದ ಆಸ್ಟ್ರೇಲಿಯದ ವಿಜ್ಞಾನಿ ಡೇವಿಡ್ ವಾರನ್‌ಗೆ, ಬೀಳುವ ಮುನ್ನ ಪೈಲಟ್‌ಗಳು ಏನು ಮಾತಾಡಿದರು ಎಂಬುದು ದಾಖಲಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹೊಳೆಯಿತು. ಇಂದು ನಾವು ಬ್ಲ್ಯಾಕ್ ಬಾಕ್ಸ್ ಎನ್ನುವುದು ಆ ಯೋಚನೆಯಿಂದ ಬೆಳೆದದ್ದು. ಹೆಸರು ಬ್ಲ್ಯಾಕ್, ಬಣ್ಣ ಮಾತ್ರ ಕಿತ್ತಳೆ. ಅವಶೇಷದಲ್ಲಿ ಬೇಗ ಕಣ್ಣಿಗೆ ಬೀಳಲಿ ಎಂದು.

ಮಕ್ಕಳಿಗೆ ಒಂದು ಮಾತು. ಬರುವಾಗ ಹಾರ್ಡ್‌ವೇರ್ ಅಂಗಡಿಯಿಂದ ಬೈಂಡಿಂಗ್ ವೈರ್ ತಂದು ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ. ಒಂದೇ ಉದ್ದದ ಹತ್ತು ತುಂಡು ಮಾಡಿಕೊಳ್ಳಿ. ಐದನ್ನು ಹಾಗೇ ಬಗ್ಗಿಸಿ, ಐದಕ್ಕೆ ಮೊದಲು ಅರದಿಂದ ಸಣ್ಣ ಗೀರು ಹಾಕಿ ಬಗ್ಗಿಸಿ. ಎಷ್ಟನೆಯ ಸಲಕ್ಕೆ ಮುರಿಯಿತು ಎಂದು ಎಣಿಸಿ ಬರೆಯಿರಿ. ಹತ್ತು ತುಂಡೂ ಹೊಸ ತಂತಿಯದೇ ಆಗಿರಲಿ, ಯಾರೋ ಬಗ್ಗಿಸಿ ಬಿಟ್ಟದ್ದನ್ನು ತೆಗೆದುಕೊಳ್ಳಬೇಡಿ. ಊಟದ ಹೊತ್ತಿಗೆ ನಾನೂ ಅಲ್ಲಿಗೆ ಬರುತ್ತೇನೆ.